ಒರೆಸಿದರೂ ಉಳಿಯುವ ಚೌಕ

ಸೂರಜ್‌ಗೆ ನಕ್ಷೆ ಎಂದರೆ ಆಗುತ್ತಿರಲಿಲ್ಲ. "ಬಾಯಿ ಗಟ್ಟಿ ಇರೂತನಕ ನಕ್ಷಾ ಯಾಕ ಬೇಕು?" ಎನ್ನುತ್ತಿದ್ದ. ಅವನ ಬಾಯಿ ಗಟ್ಟಿಯಿದ್ದ ಕಾಲದಲ್ಲಿ ಆ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಅವನೂ ಅವನ ಗೆಳೆಯರೂ ಆಡುತ್ತಿದ್ದದ್ದು ಕಥೆಯ ಆಟ. ಮೇಜಿನ ಸುತ್ತ ನಾಲ್ಕು ಜನ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಇಲ್ಲೊಂದು ಕೋಟೆ, ಅದರ ಬಾಗಿಲು ಮುರಿದಿದೆ, ಒಳಗೆ ಯಾರೋ ಕೆಮ್ಮಿದರು ಎಂದು ಅವನು ಹೇಳಿದರೆ, ಉಳಿದವರು ಒಂದೊಂದು ಪಾತ್ರ ಹಿಡಿದು ತಾವೇನು ಮಾಡುತ್ತೇವೆಂದು ಹೇಳಬೇಕು. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಹೊಡೆದಾಟ ಬಂದಾಗ ಯಾರು ಎಲ್ಲಿ ನಿಂತಿದ್ದಾರೆ ಎಂಬ ತಕರಾರು ಏಳುವುದುಂಟು. ಅದಕ್ಕೇ ಬೇರೆ ಕಡೆ ಆಡುವವರು ಚೌಕ ಹಾಕಿದ ನಕ್ಷೆ ಹಾಸಿ, ಅದರ ಮೇಲೆ ಪುಟ್ಟ ಗೊಂಬೆಗಳನ್ನಿಟ್ಟು ನಡೆಸುತ್ತಾರೆ. ಸೂರಜ್ ಅದನ್ನೆಲ್ಲ ಹತ್ತಿರ ಸೇರಿಸುತ್ತಿರಲಿಲ್ಲ. ಕಣ್ಣು ಮುಚ್ಚಿರಿ ಎನ್ನುತ್ತಿದ್ದ. ಮುಚ್ಚಿದರೆ ಸಾಕು, ಕೋಟೆಯ ಮೆಟ್ಟಿಲು, ಬಾವಲಿಯ ವಾಸನೆ, ಕಾವಲುಗಾರನ ಕಾಲಿನ ಬೇಡಿ, ಎಲ್ಲವೂ ಅವನ ಧ್ವನಿಯಲ್ಲಿ ಎದ್ದು ನಿಲ್ಲುತ್ತಿದ್ದವು.

ಅವನ ಮೇಜಿಗೆ ಇದ್ದದ್ದು ಒಂದೇ ಕಟ್ಟುನಿಟ್ಟು. ಅಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಸೂರಜ್ ಹುಟ್ಟಿದ್ದು, ಬೆಳೆದದ್ದು ಹೈದರಾಬಾದಿನಲ್ಲಿ. ಅವನ ತಂದೆ ಹನುಮಂತರಾಯರು ಸುರಪುರದ ಕಡೆಯವರು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ದುಡಿದು ಕ್ವಾರ್ಟರ್ಸಿನಲ್ಲೇ ಕಣ್ಣು ಮುಚ್ಚಿದವರು. ಓಣಿಯಲ್ಲಿ ತೆಲುಗು, ಶಾಲೆಯಲ್ಲಿ ಹಿಂದಿ, ಗಚ್ಚಿಬೌಲಿಯ ಕಂಪನಿಯಲ್ಲಿ ಇಂಗ್ಲಿಷು. ಕನ್ನಡ ಎಂದರೆ ಅವನಿಗೆ ಅವ್ವನ ಜೊತೆ ಆಡುವ ಮಾತು ಮಾತ್ರ. ಅಷ್ಟು ಸಾಲದೆ ಹೋಗಿ, ವಾರವಿಡೀ ಹಸಿದವನಂತೆ ಶನಿವಾರ ಮಧ್ಯಾಹ್ನಕ್ಕೆ ಕಾಯುತ್ತಿದ್ದ.

ಭಾಗ್ಯಶ್ರೀ ಆ ಮೇಜಿಗೆ ಬಂದದ್ದು ಚನ್ನುವಿನಿಂದ. ಚನ್ನು ಸಿಂಧನೂರಿನವನು, ಸೂರಜ್‌ನ ಕಾಲೇಜು ಗೆಳೆಯ. ಅವಳು ಕುಷ್ಟಗಿಯಿಂದ ಬಂದು ಉಪ್ಪಲ್ ಕಡೆಯ ಐಟಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ಹಾಸ್ಟೆಲಿನಲ್ಲಿ ಅವಳ ಜೊತೆ ಕನ್ನಡ ಆಡುವವರೇ ಇರಲಿಲ್ಲ. "ಒಂದು ಆಟ ಐತಿ, ಬಾ. ಆಟ ಸೇರದಿದ್ರ ಮಾತರ ಕೇಳಿ ಹೋಗು" ಎಂದು ಚನ್ನು ಕರೆದುಕೊಂಡು ಬಂದ. ಸೂರಜ್ ಅವಳಿಗೊಂದು ಪಾತ್ರ ಕಟ್ಟಿಕೊಟ್ಟ. ಬಿಲ್ಲು ಹಿಡಿದ ಹೆಂಗಸು, ಹೆಸರು ಗುರುದೇವಿ. "ಏನ ಮಾಡ್ತೀ ಗುರುದೇವಿ?" ಎಂದು ಅವನು ಮೊದಲ ಸಲ ಕೇಳಿದಾಗ ಅವಳು ಅವನ ಧ್ವನಿ ಕೇಳುತ್ತ ಕೂತುಬಿಟ್ಟಿದ್ದಳು. ಮರುವರ್ಷ ಅವರ ಮದುವೆಯಾಯಿತು. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಫ್ಲ್ಯಾಟ್ ಹಿಡಿದರು. ಅತ್ತೆ ಪ್ರೇಮಾ ಜೊತೆಗೇ ಬಂದರು. ಶನಿವಾರದ ಆಟ ಅವರ ಊಟದ ಮೇಜಿಗೆ ವರ್ಗವಾಯಿತು. ಬೀದರಿನ ವತ್ಸಲಾ, ಭಾಗ್ಯಶ್ರೀಯ ಸಹೋದ್ಯೋಗಿ, ನಾಲ್ಕನೆಯವಳಾಗಿ ಸೇರಿಕೊಂಡಳು.

ಚನ್ನು ಅಂದಿನಿಂದ ಅವಳನ್ನು ಅತ್ತಿಗೆ ಎಂಬರ್ಥದಲ್ಲಿ ವೈನಿ ಎನ್ನತೊಡಗಿದ. ಸೂರಜ್ ಮಾತ್ರ ಊರಿನ ಮುದುಕಿಯರನ್ನು ಕರೆಯುವಂತೆ "ಭಾಗವ್ವಾ" ಎನ್ನುತ್ತಿದ್ದ. ಅವಳು ಸಿಟ್ಟು ಮಾಡಿದಷ್ಟೂ ಹೆಚ್ಚು ಕರೆಯುತ್ತಿದ್ದ.

ಮೂವತ್ತೈದು ತುಂಬುವ ಮೊದಲೇ ಅವನಿಗೆ ಲಕ್ವ ಹೊಡೆಯಿತು.

ಹೊಡೆದದ್ದು ಆಫೀಸಿನಲ್ಲಿ, ಮೀಟಿಂಗಿನ ನಡುವೆ. ಎದ್ದು ನಿಂತು ಮಾತಾಡುತ್ತಿದ್ದವನ ಮಾತು ಒಮ್ಮೆಲೇ ಕಲಸಿಕೊಂಡಿತು. ಎದುರಿಗಿದ್ದವರು ನಕ್ಕರು. ಸೂರಜ್ ಯಾವಾಗಲೂ ಏನಾದರೊಂದು ನಾಟಕ ಮಾಡುವವನೇ, ಇದೂ ಅಂಥದ್ದೇ ಎಂದುಕೊಂಡರು. ಅವನು ಕುರ್ಚಿ ಹಿಡಿಯಲು ಹೋಗಿ ಕೆಳಗೆ ಬಿದ್ದ ಮೇಲೆಯೇ ಅವರಿಗೆ ಗೊತ್ತಾದದ್ದು. ಈ ಸಂಗತಿಯನ್ನು ಅವರಲ್ಲೊಬ್ಬ ಆಸ್ಪತ್ರೆಯ ವರಾಂಡದಲ್ಲಿ ಅಳುತ್ತ ಹೇಳಿದ. ಭಾಗ್ಯಶ್ರೀಗೆ ಅವನ ಮೇಲೆ ಸಿಟ್ಟು ಮಾಡಲೂ ಶಕ್ತಿಯಿರಲಿಲ್ಲ.

ಜೀವ ಉಳಿಯಿತು. ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು, ಮಾತು ಪೂರ್ತಿ ಹೋಯಿತು. ಹೇಳಿದ್ದು ಅವನಿಗೆ ತಿಳಿಯುತ್ತಿತ್ತು. ಉತ್ತರ ಬಾಯಿಯವರೆಗೆ ಬಂದು ನಿಲ್ಲುತ್ತಿತ್ತು. ಮಾತು ಕಲಿಸಲು ವನಜಾ ಎಂಬ ತಾಳ್ಮೆಯ ಹೆಂಗಸು ಬರುತ್ತಿದ್ದಳು. ಚಿತ್ರದ ಕಾರ್ಡು ಹಿಡಿದು, ಇದೇನು, ಅದೇನು ಎಂದು ಕೇಳುತ್ತಿದ್ದಳು. ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಶಬ್ದ ಬಂತು, ಆಮೇಲೆ ಎರಡು, ಆಮೇಲೆ ಹತ್ತಿಪ್ಪತ್ತು. ಮನೆಯಲ್ಲಿ ಹಬ್ಬವಾಗಬೇಕಿತ್ತು. ಆದರೆ ಬಂದ ಶಬ್ದಗಳೆಲ್ಲ ತೆಲುಗು.

ಭಾಗ್ಯಶ್ರೀ ಮೊದಮೊದಲು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ವನಜಾ ತೆಲುಗಿನವಳು, ಅವಳು ಕಲಿಸಿದ್ದು ಬಂತು, ನಾನು ಕಲಿಸಿದರೆ ಕನ್ನಡವೂ ಬರುತ್ತದೆ ಎಂದುಕೊಂಡಳು. ಆಫೀಸಿನಿಂದ ಬಂದು, ಕೈಕಾಲು ತೊಳೆದು, ಲೋಟ ಹಿಡಿದು ಎದುರು ಕೂರುತ್ತಿದ್ದಳು.

"ಹಾಲು" ಎನ್ನುತ್ತಿದ್ದಳು.

ಅವನು ಅವಳ ತುಟಿಯನ್ನೇ ನೋಡಿ, ಕಷ್ಟಪಟ್ಟು, "ಪಾಲು" ಎನ್ನುತ್ತಿದ್ದ.

ನೀರು ಎಂದರೆ ನೀಳ್ಳು. ಬಾ ಎಂದರೆ ರಾ. ಒಂದೊಂದು ಅಕ್ಷರದಷ್ಟು ಹತ್ತಿರ. ಅಷ್ಟು ಹತ್ತಿರ ಬಂದು ಪ್ರತಿ ಸಲವೂ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದ. ತಪ್ಪಾಯಿತೆಂದು ಅವನಿಗೂ ಗೊತ್ತಾಗುತ್ತಿತ್ತು. ಅವಳ ಮುಖ ನೋಡಿ ತಲೆ ತಗ್ಗಿಸುತ್ತಿದ್ದ. ಕೊನೆಗೆ ಅವಳೇ ಲೋಟ ಹಿಡಿದು ಕೂರುವುದನ್ನು ಬಿಟ್ಟಳು.

"ಹಿಂಗ್ಯಾಕ ಆಗೈತಿ ಅಂತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ" ಎಂದು ವನಜಾ ಹಿಂದಿಯಲ್ಲಿ ಹೇಳಿದ್ದನ್ನು ಅವಳು ಅತ್ತೆಗೆ ಕನ್ನಡದಲ್ಲಿ ತಿಳಿಸಿದಳು. "ಕೆಲವರಿಗೆ ಒಂದು ಭಾಷಾ ಮೊದಲ ಬರ್ತೈತಂತ. ಕೆಲವರಿಗೆ ಇನ್ನೊಂದು ಆಮ್ಯಾಲ ಬರ್ತೈತಂತ. ಬರದನೂ ಇರಬಹುದಂತ."

ಮಗ ಈಗ ಪ್ರೇಮಾ ಅವರನ್ನು ಅಮ್ಮಾ ಎಂದು ಕರೆಯುತ್ತಿದ್ದ. ಹುಟ್ಟಿದಾಗಿನಿಂದ ಅವ್ವಾ ಎಂದೇ ಕರೆದವನು. ಹೆಂಡತಿಯ ಹೆಸರು ಬಂದಿತ್ತು, ಭಾಗ್ಯಾ ಎನ್ನುತ್ತಿದ್ದ, ಆಫೀಸಿನಲ್ಲಿ ಎಲ್ಲರೂ ಕರೆಯುವ ಹಾಗೆ.

ಆಟ ಮತ್ತೆ ಶುರು ಮಾಡುವ ಮಾತು ತೆಗೆದವನು ಚನ್ನು. ನೋಡಲು ಬಂದು, ಗೆಳೆಯನ ಪಕ್ಕ ಸುಮ್ಮನೆ ಕೂತು, ಹೊರಡುವಾಗ ಲಿಫ್ಟಿನ ಹತ್ತಿರ ನಿಂತು ಹೇಳಿದ, "ವೈನಿ, ಶನಿವಾರ ಮತ್ತ ಕೂಡೂಣು."

"ಕಥಿ ಯಾರು ಹೇಳ್ತಾರ ಚನ್ನು?"

"ಅವನ ಹೇಳ್ತಾನ. ಬಾಯಿಲೆ ಬ್ಯಾಡ, ಕೈಲೆ ಹೇಳ್ಲಿ. ನಕ್ಷಾ ಬರದು ತೋರಿಸ್ಲಿ. ಎಡಗೈ ಚೊಲೋ ಐತಲ್ಲ."

ಭಾಗ್ಯಶ್ರೀಗೆ ಎಲ್ಲಿಲ್ಲದ ಸಿಟ್ಟು ಬಂತು. "ನಕ್ಷಾ ಕಂಡ್ರ ನಗಾಡತಿದ್ರು ಅವರು. ಅವರ ಕೈಯಾಗ ಈಗ ಅದನ್ನ ಕೊಡಂತೀ?"

"ಕೈಯಾಗ ಏನೂ ಇಲ್ಲದ ಕೂತಾನಲ್ಲ ವೈನಿ. ಅದನ್ನ ನೋಡಾಕ ಆಗವಲ್ದು ನನಗ."

ಲಿಫ್ಟ್ ಬಂತು, ಅವನು ಹೋದ. ಆದರೆ ಮಾತು ಉಳಿಯಿತು. ಮರುದಿನ ವನಜಾಳ ಮುಂದೆ ಸೂರಜ್ ಎಡಗೈಯಲ್ಲಿ ಒಂದು ಚಹಾದ ಕಪ್ಪು, ಅದರ ಬಸಿ, ಬಸಿಯ ಮೇಲೊಂದು ಇರುವೆ ಬರೆದ. ಇರುವೆಯನ್ನು ಯಾರೂ ಕೇಳಿರಲಿಲ್ಲ. ಭಾಗ್ಯಶ್ರೀ ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಸಂಜೆ ಚನ್ನುವಿಗೆ ಫೋನು ಮಾಡಿ, "ಆತು, ನೋಡೂಣು" ಎಂದಳು.

ಮೊದಲು ಅವಳು ಸುಲ್ತಾನ್ ಬಜಾರಿಗೆ ಹೋಗಿ ಮಕ್ಕಳು ಬರೆಯುವ ಬಿಳಿ ಬೋರ್ಡು ತಂದಳು. ಅದರ ಮೇಲೆ ಸ್ಕೇಲ್ ಇಟ್ಟು, ಬೋರ್ಡಿನ ಜೊತೆ ಕೊಟ್ಟ ಮಾರ್ಕರಿನಿಂದ ಅಚ್ಚುಕಟ್ಟಾಗಿ ಚೌಕ ಎಳೆದಳು. ಪರೀಕ್ಷೆಗೆಂದು ಒಂದು ಬಾಗಿಲು ಬರೆದು ಬಟ್ಟೆಯಿಂದ ಒರೆಸಿದಳು. ಬಾಗಿಲಿನ ಜೊತೆಗೆ ಚೌಕಗಳೂ ಅಳಿಸಿಹೋದವು. ಚನ್ನು ನಕ್ಕು, ಅಳಿಸದ ಶಾಯಿಯ ಪೆನ್ನು ತಂದು ಮತ್ತೆ ಎಳೆದುಕೊಟ್ಟ. ಒಣಗಿದ ಮೇಲೆ ಅದರ ಮೇಲೆ ಬರೆದು ಒರೆಸಿದರೆ, ಬರೆದಷ್ಟು ಜಾಗದಲ್ಲಿ ಆ ಗೆರೆಗಳೂ ಎದ್ದು ಬಂದವು. ಎರಡು ಶಾಯಿಯೂ ಕೂಡಿಕೊಂಡು ಬಟ್ಟೆಗೆ ಹತ್ತಿದವು.

"ಚೌಕ ಒಳಗ ಅಚ್ಚಾಗಿರಬೇಕು ವೈನಿ, ಮ್ಯಾಲ ನುಣ್ಣನ ಲೇಪ ಇರಬೇಕು" ಎಂದ ಚನ್ನು. "ಇದಕ್ಕಂತನ ಮಾಡಿದ ಟೈಲ್ಸ್ ಸಿಗ್ತಾವ. ಒಂದರ ಬಾಜು ಒಂದು ಇಟಗೊಂತ ಹೋದ್ರ ಕೋಣಿ, ದಾರಿ, ಬಯಲು, ಏನ ಬೇಕಂದ್ರ ಅದು. ಬೇಕಾದಾಗ ಬರೀಬೇಕು, ಬ್ಯಾಡಾದಾಗ ಒರಸಬೇಕು."

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಹಿಮಾಯತ್ ನಗರದ ಒಂದು ಗಲ್ಲಿಯಲ್ಲಿ, ಮಹಡಿಯ ಮೇಲಿದ್ದ ಆಟದ ಸಾಮಾನಿನ ಅಂಗಡಿಗೆ ಹೋದರು. ಅಂಗಡಿಯವರು ರಾಮದಾಸ ಎಂಬ ನಡುವಯಸ್ಸಿನ ಮನುಷ್ಯ. ಏನು ಬೇಕೆಂದು ಕೇಳಿದ ಮೇಲೆ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಹರವಿದರು.

ಮೊದಲು ಬಂದದ್ದು ಸುರುಳಿ ಸುತ್ತುವ ದೊಡ್ಡ ಹಾಸು. ನೋಡಲು ಚಂದವಿತ್ತು. ಆದರೆ ಬಿಡಿಸಿದರೆ ಅಂಚು ಎದ್ದೆದ್ದು ಬರುತ್ತಿತ್ತು. ಭಾಗ್ಯಶ್ರೀ ತನ್ನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯಿಂದ ಅದನ್ನು ಹಾಸಲು ನೋಡಿದಳು. ಈ ಅಂಚು ಒತ್ತಿದರೆ ಆ ಅಂಚು ಎದ್ದಿತು. ಅಂಗಡಿಯವರಿಗೆ ಅವಳು ಏನು ಮಾಡುತ್ತಿದ್ದಾಳೆಂದು ತಿಳಿಯಲಿಲ್ಲ. ಚನ್ನುವಿಗೆ ತಿಳಿಯಿತು. ಅವನು ಕಿಟಕಿಯ ಕಡೆ ತಿರುಗಿ ನಿಂತ.

ಆಮೇಲೆ ಒಂದರೊಳಗೊಂದು ಹಲ್ಲು ಕೂಡಿಸಿ ಜೋಡಿಸುವ ಟೈಲ್ಸ್ ತಂದರು. ಜೋಡಿಸಿದರೆ ಅಲ್ಲಾಡುವುದಿಲ್ಲ, ಬಹಳ ಜನ ಇದನ್ನೇ ಒಯ್ಯುತ್ತಾರೆ ಎಂದರು. ಅವಳು ಎಡಗೈಯಲ್ಲಿ ಹಿಡಿದು ಕೂಡಿಸಲು ನೋಡಿದಳು. ಒಂದನ್ನು ಒತ್ತಿದರೆ ಇನ್ನೊಂದು ಹಿಂದೆ ಸರಿಯುತ್ತಿತ್ತು. ಹಿಡಿಯಲು ಇನ್ನೊಂದು ಕೈ ಬೇಕೇ ಬೇಕು. ಅದನ್ನೂ ಬದಿಗಿಟ್ಟಳು.

ಅಲ್ಲೇ ಮೊದಲೇ ಚಿತ್ರ ಅಚ್ಚು ಹಾಕಿದವಿದ್ದವು. ನೆಲಮಾಳಿಗೆ, ಹೆಂಡದಂಗಡಿ, ಹಡಗಿನ ಡೆಕ್ಕು, ಎಲ್ಲ ಬಣ್ಣಬಣ್ಣ. "ಬರೆಯಲು ತೊಂದರೆ ಇರುವವರಿಗೆ ಇದು ಸುಲಭ" ಎಂದು ರಾಮದಾಸ ಹಿಂದಿಯಲ್ಲಿ ಹೇಳಿದರು. ಅಷ್ಟರೊಳಗೆ ಅವರಿಗೂ ವಿಷಯ ಅರ್ಥವಾಗಿತ್ತು.

"ಬ್ಯಾಡ್ರಿ" ಎಂದಳು ಭಾಗ್ಯಶ್ರೀ. ಹಿಂದಿ ಮರೆತು ಕನ್ನಡದಲ್ಲೇ ಹೇಳಿದಳು. "ಇನ್ನೊಬ್ಬರ ಕೋಟಿ ಅವರಿಗೆ ಬ್ಯಾಡ. ಬರೇ ಚೌಕ ಇರೂದು ಕೊಡ್ರಿ. ಉಳದದ್ದು ಅವರ ಬರೀತಾರ."

ಚನ್ನು ಅದನ್ನು ಹಿಂದಿಯಲ್ಲಿ ತಿಳಿಸಿದ. ರಾಮದಾಸ ಒಳಗೆ ಹೋಗಿ, ಸಾದಾ ಅಂಚಿನ, ಅಂಗೈಗಿಂತ ದೊಡ್ಡದಾದ ಚೌಕನೆಯ ಟೈಲ್ಸ್ ತಂದರು. ಒಂದು ಮುಖ ಕಲ್ಲಿನ ಬಣ್ಣ, ಇನ್ನೊಂದು ಮುಖ ಮಾಸಲು ಹಸಿರು. ಎರಡರ ಮೇಲೂ ತೆಳು ಗೆರೆಯ ಚೌಕ. ತೂಕವಿತ್ತು, ಮೇಜಿನ ಮೇಲೆ ಇಟ್ಟರೆ ಸುಲಭಕ್ಕೆ ಜಾರುತ್ತಿರಲಿಲ್ಲ. ಹೊಳಪು ಕಡಿಮೆಯಿದ್ದುದರಿಂದ ಟ್ಯೂಬ್‌ಲೈಟಿನ ಬೆಳಕು ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಭಾಗ್ಯಶ್ರೀ ಎಡಗೈಯಲ್ಲಿ ಕರಿ ಮಾರ್ಕರ್ ಹಿಡಿದು ಒಂದು ಗೋಡೆ ಎಳೆದಳು, ಗೋಡೆಗೆ ಕಿಂಡಿ ಬಿಟ್ಟಳು. ಮಣಿಕಟ್ಟಿನಿಂದಲೇ ಒರೆಸಿದಳು. ಗೋಡೆ ಹೋಯಿತು, ಚೌಕ ಉಳಿಯಿತು. ಕೆಂಪು ಮಾರ್ಕರನ್ನು ಬಳಸಬೇಡಿ, ಬಹಳ ದಿನ ಬಿಟ್ಟರೆ ಕಲೆ ನಿಲ್ಲುತ್ತದೆ ಎಂದರು ರಾಮದಾಸ. ಆಮೇಲೆ ಸ್ವಲ್ಪ ತಡೆದು ಕೇಳಿದರು, "ಅವರನ್ನೇ ಕರೆದುಕೊಂಡು ಬರಬಹುದಿತ್ತಲ್ಲ. ಅವರ ಕೈಗೆ ಯಾವುದು ಹೊಂದುತ್ತದೋ ಅವರಿಗೇ ಗೊತ್ತಿರುತ್ತದೆ."

ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಆದರೆ ಭಾಗ್ಯಶ್ರೀ ಮಾರ್ಕರಿಗೆ ಮುಚ್ಚಳ ಹಾಕಿ ಕೆಳಗಿಟ್ಟಳು. ಸೂರಜ್‌ಗೆ ಈ ಸಂಗತಿಯನ್ನೇ ಅವರು ಹೇಳಿರಲಿಲ್ಲ. ಅವನು ಬೇಡ ಎಂದರೆ ಎಂಬ ಹೆದರಿಕೆ. ಬೇಡ ಎನ್ನಲು ಅವನ ಬಳಿ ಈಗ ಒಂದೇ ಶಬ್ದವಿತ್ತು, ವದ್ದು. ಆ ಶಬ್ದವನ್ನು ಇನ್ನೊಮ್ಮೆ ಕೇಳುವುದು ಅವಳಿಂದ ಆಗುತ್ತಿರಲಿಲ್ಲ. ಮಾತಿಲ್ಲದವನ ಪರವಾಗಿ ಎಲ್ಲವನ್ನೂ ತಾವೇ ಆರಿಸುವುದು ಯಾವಾಗ ಅಭ್ಯಾಸವಾಗಿಹೋಯಿತೋ, ಅವಳಿಗೇ ಗೊತ್ತಿರಲಿಲ್ಲ. ಟೈಲ್ಸ್ ಕಟ್ಟಿಸಿಕೊಂಡು ಮೆಟ್ಟಿಲಿಳಿಯುವಾಗ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚನ್ನು ನೋಡದವನಂತೆ ಮುಂದೆ ನಡೆದ.

ಶನಿವಾರ ಮಧ್ಯಾಹ್ನ ಎಲ್ಲರೂ ಕೂಡಿದರು. ಟೈಲ್ಸ್ ನೋಡಿದ ಸೂರಜ್ ಒಂದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ, ಹೆಂಡತಿಯ ಮುಖ ನೋಡಿದ. ಅವನು ಬೇಡ ಎನ್ನಲಿಲ್ಲ. ತುಟಿಯ ಒಂದು ಕೊನೆಯಲ್ಲಿ ನಕ್ಕು, ಮಾರ್ಕರಿಗೆ ಕೈ ಚಾಚಿದ.

ಕಥೆ ನಿಂತದ್ದು ಒಂದು ಗವಿಯ ಬಾಯಲ್ಲಿ. ಲಕ್ವ ಹೊಡೆಯುವ ಮೊದಲು, ದೀಪಾವಳಿಗೂ ಮುಂಚೆ, ಅವರು ಆ ಗವಿಯವರೆಗೆ ಬಂದಿದ್ದರು. ಚನ್ನುವಿನ ಪಾತ್ರ ಹುಲಗೇಶನೆಂಬ ಕತ್ತಿಯ ಆಳು, ವತ್ಸಲಾಳದು ಬೀಗ ತೆರೆಯುವ ಕಳ್ಳಿ, ಜೊತೆಗೆ ಗುರುದೇವಿ. ಸೂರಜ್ ಎಡಗೈಯಲ್ಲಿ ಗವಿಯ ಗೋಡೆ ಬರೆದ. ಗೆರೆ ಡೊಂಕಾದರೂ ಗವಿಗೆ ಅದೇ ಚಂದವಾಗಿತ್ತು. ಇನ್ನೊಂದು ಟೈಲ್ ಪಕ್ಕಕ್ಕಿಟ್ಟು ಅದರ ತುಂಬ ಅಲೆಯಲೆಯಾಗಿ ಗೆರೆ ಎಳೆದ.

"ಹೊಳಿನಾ?" ಎಂದ ಚನ್ನು.

ಸೂರಜ್ ಅಲ್ಲವೆಂದು ತಲೆಯಾಡಿಸಿದ.

"ಕೆರಿ? ನೆಲದಾಗಿಂದ ಬುಗ್ಗಿ ಬರಾಕತ್ತೈತಿ?"

"ಕಾದು" ಎಂದ ಸೂರಜ್. ಅಲ್ಲ ಎಂದು. ಗೆರೆಗಳನ್ನು ಮತ್ತೆ ಮತ್ತೆ ಬೆರಳಿನಿಂದ ತೋರಿಸಿದ. ಅವನ ಹಣೆಯಲ್ಲಿ ಬೆವರು ಮೂಡಿತು. ಬಾಯಿ ತೆರೆದ, ಮುಚ್ಚಿದ. ಹಿಂದೆ ಈ ಜಾಗದಲ್ಲಿ ಅವನು ಅರ್ಧ ಗಂಟೆ ಹೇಳುತ್ತಿದ್ದ ಕಥೆ ಈಗ ಒಂದು ಟೈಲಿನ ಮೇಲೆ ಮುದುಡಿ ಬಿದ್ದಿತ್ತು.

ವತ್ಸಲಾಗೆ ನೋಡಲಾಗಲಿಲ್ಲ. "ಇರ್ಲಿ ಬಿಡು ಸೂರಜ್, ಇವತ್ತ ನಾ ಹೇಳ್ತೀನಿ, ನೀ ಬರೀತಾ ಹೋಗು" ಎಂದಳು.

ಸೂರಜ್ ಎಡಗೈಯಿಂದ ಮೇಜನ್ನು ಗುದ್ದಿದ. ದಾಳಗಳು ಉರುಳಿ ಕೆಳಗೆ ಬಿದ್ದವು. ಯಾರೂ ಅವನ್ನು ಎತ್ತಲು ಬಾಗಲಿಲ್ಲ. ಆಟ ಮುಗಿಯಿತು, ಇನ್ನು ಈ ಟೈಲ್ಸ್ ಅಟ್ಟಕ್ಕೆ ಹೋಗುತ್ತವೆ ಎಂದು ಭಾಗ್ಯಶ್ರೀ ಅಂದುಕೊಂಡಳು.

ಆಗ ಅವನು ಮಾತಾಡಿದ.

"ಚೀಕಟಿ" ಎಂದ. ಕತ್ತಲೆ ಎಂದು. ಕಣ್ಣು ಮುಚ್ಚಿಕೊಂಡಿದ್ದ. "ಚೀಕಟಿ... ನೀಳ್ಳು ಕಾದು. ಪಾಮುಲು."

ನೀರಲ್ಲ, ಹಾವುಗಳು.

ಚನ್ನುವಿನ ಊರಿನ ಸುತ್ತ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು. ಅವನಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಯೋಚನೆ ಮಾಡದೆ ತೆಲುಗಿನಲ್ಲೇ ಕೇಳಿಬಿಟ್ಟ, ಎಷ್ಟು ಹಾವು ಎಂದು. ಸೂರಜ್ ಕಣ್ಣು ತೆರೆದ. ಲೆಕ್ಕವಿಲ್ಲ ಎಂದ. ಮಲಗಿವೆ ಎಂದ. ತಡೆತಡೆದು, ಒಂದೊಂದು ಶಬ್ದಕ್ಕೆ ಎಡಗೈಯನ್ನು ಗಾಳಿಯಲ್ಲಿ ಆಡಿಸಿ, ಸಿಗದ ಶಬ್ದವನ್ನು ಟೈಲಿನ ಮೇಲೆ ಬರೆದು ತೋರಿಸಿ, ಅವನು ಹೇಳುತ್ತ ಹೋದ. ಚನ್ನು ತೆಲುಗಿನಲ್ಲಿ ಉತ್ತರ ಕೊಟ್ಟ. ಹೈದರಾಬಾದಿನ ಹಾಸ್ಟೆಲುಗಳಲ್ಲಿ ತೆಲುಗು ಕಲಿತ ವತ್ಸಲಾ ಅರ್ಧ ಅದರಲ್ಲಿ, ಅರ್ಧ ಹಿಂದಿಯಲ್ಲಿ ಕೂಡಿಕೊಂಡಳು. ಟೈಲ್ ಮೇಲೆ ಟೈಲ್ ಬಂತು. ಒಂದು ಕಡೆ ಒರೆಸಿದ, ಇನ್ನೊಂದು ಕಡೆ ಬರೆದ. ಮೇಜಿನ ಕಟ್ಟುನಿಟ್ಟು ಮುರಿದದ್ದು ಯಾರ ಗಮನಕ್ಕೂ ಬರಲಿಲ್ಲ. ಒಬ್ಬಳನ್ನು ಬಿಟ್ಟು.

ಭಾಗ್ಯಶ್ರೀಗೆ ಬರುತ್ತಿದ್ದದ್ದು ತರಕಾರಿ ಕೊಳ್ಳುವಷ್ಟು, ಆಟೋದವನಿಗೆ ದಾರಿ ಹೇಳುವಷ್ಟು ತೆಲುಗು. ಮೊದಲ ನಾಲ್ಕು ಮಾತು ಹಿಡಿದಳು. ಆಮೇಲೆ ಒಂದು ಬಿಟ್ಟುಹೋಯಿತು, ಅದರ ಹಿಂದೆ ಹತ್ತು ಬಿಟ್ಟುಹೋದವು. ಸೂರಜ್ ಏನೋ ಹೇಳಿದ, ಚಿಕ್ಕ ಮಾತು, ಹೇಳಿ ಹುಬ್ಬು ಹಾರಿಸಿದ. ವತ್ಸಲಾ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಚನ್ನು ಮೇಜಿನ ಮೇಲೆ ತಲೆಯಿಟ್ಟು ನಕ್ಕ. ಅವರನ್ನು ನೋಡಿ ಸೂರಜ್ ಕೂಡ ನಕ್ಕ. ಸೊಟ್ಟ ಬಾಯಲ್ಲಿ, ಸದ್ದು ಮಾಡಿ. ಲಕ್ವ ಹೊಡೆದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು.

"ಏನಂದ್ರು?" ಎಂದು ಭಾಗ್ಯಶ್ರೀ ಕೇಳಿದಳು.

ಚನ್ನು ಕಣ್ಣು ಒರೆಸಿಕೊಳ್ಳುತ್ತ, "ಅದನ್ನ ಕನ್ನಡದಾಗ ಹೇಳಿದ್ರ ಏನೂ ಉಳಿಯಂಗಿಲ್ಲ ವೈನಿ" ಎಂದ. ಆ ಮಾತು ಅವಳಿಗೆ ಹೇಗೆ ನಾಟಿತೆಂದು ಅವನಿಗೆ ಗೊತ್ತಾಗಲಿಲ್ಲ.

ಅವಳೂ ನಕ್ಕಳು. ಬೀಗರ ಮನೆಯಲ್ಲಿ ಯಾರೋ ಏನೋ ಹೇಳಿದ್ದಕ್ಕೆ ನಗುವ ಹಾಗೆ, ಎಲ್ಲರೂ ನಗುತ್ತಿದ್ದಾರಲ್ಲ ಎಂದು. ತನ್ನ ಗಂಡನ ಎದುರು, ತನ್ನದೇ ಊಟದ ಮೇಜಿನಲ್ಲಿ.

ಸರದಿ ಅವಳದಾಯಿತು. ಸೂರಜ್ ಅವಳ ಕಡೆ ತಿರುಗಿದ. "ನುವ್ವು?" ಎಂದ. ನೀನು?

"ಬಾಣ ಬಿಡ್ತೀನ್ರಿ" ಎಂದಳು. ಕನ್ನಡದಲ್ಲೇ ಹೇಳಿದಳು, ಬೇಕೆಂದೇ. ಅವನಿಗೆ ಅರ್ಥವಾಯಿತು. ಬಾಣ ಬಿಡುವವಳ ಹೆಸರಿಗಾಗಿ ಅವನು ತಡಕಾಡಿದ. ಅವಳು ಹೇಳಿಕೊಡಲಿಲ್ಲ, ಕಾದಳು. ಚನ್ನುವಿಗೆ ತಡೆಯಲಾಗಲಿಲ್ಲ, "ಗುರುದೇವಿ" ಎಂದ.

"ಆ" ಎಂದ ಸೂರಜ್ ನಿರಾಳವಾಗಿ. "ಆ ಅಮ್ಮಾಯಿ." ಹೌದು, ಆ ಹುಡುಗಿ.

ದಾಳ ಉರುಳಿತು. ಬಾಣ ಗುರಿ ತಾಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆಯ ಲೋಕಲ್ ರೈಲು ಹಿಡಿಯಲು ಗೆಳೆಯರಿಬ್ಬರೂ ಹೊರಟರು. ಸೂರಜ್ ದಣಿದು, ಮಂಚ ಸೇರಿದ ಕೂಡಲೇ ನಿದ್ದೆ ಹೋದ, ಬೆರಳಿಗೆ ಮಾರ್ಕರಿನ ಮಸಿ ಹತ್ತಿಕೊಂಡಿದ್ದಂತೆಯೇ. ಭಾಗ್ಯಶ್ರೀ ಒದ್ದೆ ಬಟ್ಟೆ ತಂದು ಟೈಲ್ಸ್ ಒರೆಸುತ್ತ ಕೂತಳು. ಪ್ರೇಮಾ ಎಲ್ಲರೂ ಮಂಡಕ್ಕಿ ಸುಸಲಾ ತಿಂದ ತಟ್ಟೆಗಳನ್ನು ಒಳಗಿಟ್ಟು ಬಂದು, ಎದುರಿನ ಕುರ್ಚಿಯಲ್ಲಿ ಕೂತು, ತಾವೂ ಒಂದು ಟೈಲ್ ತೆಗೆದುಕೊಂಡು ಸೆರಗಿನಿಂದ ಒರೆಸತೊಡಗಿದರು.

"ನಕ್ಕ" ಎಂದರು.

"ಹೂಂ ಅತ್ತಿ."

"ಏನಂದ ತಿಳೀತೇನು?"

"ಇಲ್ಲ. ನಿಮಗ?"

ಪ್ರೇಮಾಗೆ ತಿಳಿದಿತ್ತು. ಅವರು ಈ ಊರಿಗೆ ಮದುವೆಯಾಗಿ ಬಂದು ಮಗನ ವಯಸ್ಸಿಗಿಂತ ಹೆಚ್ಚು ವರ್ಷವಾಗಿತ್ತು. ಮಲಗಿದ ಹಾವಿನ ಬಗ್ಗೆ, ನಮ್ಮ ಮ್ಯಾನೇಜರ್ ಹಾಗೆ ಒಂದು ಕಣ್ಣು ತೆರೆದೇ ಮಲಗುತ್ತದೆ ಎಂದೇನೋ ಹೇಳಿದ್ದನ್ನು ಅವರು ಸೊಸೆಗೆ ಬಿಡಿಸಿ ಹೇಳಿದರು. ಚನ್ನು ಅಂದದ್ದು ನಿಜ, ಬಿಡಿಸಿದ ಮೇಲೆ ಅದರಲ್ಲಿ ನಗುವಂಥದ್ದೇನೂ ಉಳಿಯಲಿಲ್ಲ.

ಟೈಲ್ ಒರೆಸಿ ಮುಗಿದರೂ ಪ್ರೇಮಾ ಒರೆಸುತ್ತಲೇ ಇದ್ದರು. "ಸಣ್ಣಾಂವ ಇದ್ದಾಗ ಓಣ್ಯಾಗ ಆಡಿ ಬಂದು ತೆಲುಗು ಮಾತಾಡಿದ್ರ ಬೈತಿದ್ದೆ" ಎಂದರು. "ಅದನ್ನ ಹೊಸ್ತಿಲ ಹೊರಗ ಬಿಟ್ಟು ಬಾ ಅಂತಿದ್ದೆ. ಒಂದಿನ ಸಿಟ್ಟಿಲೆ ಹೊರಗ ನಿಂದರ್ಸಿ ಬಾಗಲಾ ಹಾಕಿದ್ದೆ. ಅವ್ವಾ, ಬಾಗಲಾ ತಗಿ ಅಂತ ಕನ್ನಡದಾಗ ಅನ್ನೂತನಕ ತಗೀಲಿಲ್ಲ. ಅವರಪ್ಪ ನನಗ ಬೈದ್ರು. ನಾ ಹಠ ಬಿಡಲಿಲ್ಲ. ನನ್ನ ಮಗ ನನ್ನ ಮಾತ ಆಡಬೇಕಂತ." ಟೈಲನ್ನು ಮೇಜಿನ ಮೇಲಿಟ್ಟರು. "ಈಗ ನೋಡು ಭಾಗ್ಯ. ನಾ ಹೊರಗ ಹಾಕಿದ್ದ ಅವನ ಕೈ ಹಿಡೀತು. ನಾ ಜ್ವಾಕಿ ಮಾಡಿದ್ದು ಹೋತು."

ಭಾಗ್ಯಶ್ರೀ ಎದ್ದು ಹೋಗಿ ಅತ್ತೆಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು. ಒಳಗೆ ಮಲಗಿದವನಿಗೆ ಎಚ್ಚರವಾಗಬಾರದೆಂದು ಇಬ್ಬರೂ ಸದ್ದಿಲ್ಲದೆ ಅತ್ತರು.

ಆಟ ಮುಂದುವರಿಯಿತು. ಶನಿವಾರ ಶನಿವಾರ ಸೂರಜ್‌ನ ಮಾತು ಒಂದಿಷ್ಟು ಬಲಿಯುತ್ತ ಬಂತು. ಇದಕ್ಕಿಂತ ಒಳ್ಳೆಯ ಔಷಧ ನಾನೂ ಕೊಡಲಾರೆ ಎಂದು ವನಜಾ ಹೇಳಿದಳು. ಅವನು ಟೈಲ್ಸ್ ಮೇಲೆ ಬರೆಯುವುದು ಕಡಿಮೆಯಾಗಿ, ಹೇಳುವುದು ಹೆಚ್ಚಾಯಿತು. ಕಂಪನಿಯವರು ಹಳೆಯ ಕೆಲಸ ಕೊಡಲಿಲ್ಲ; ಮನೆಯಿಂದಲೇ ಮಾಡುವ ಚಿಕ್ಕ ಕೆಲಸವೊಂದನ್ನು ಕೊಟ್ಟರು. ಕನ್ನಡ ಬರಲಿಲ್ಲ. ಭಾಗ್ಯಶ್ರೀ ಬಹಳ ದಿನ ಕಾದಳು. ಕುಷ್ಟಗಿಯಿಂದ ಅವಳ ಅವ್ವ ಬಂದು ಎದುರು ಕೂತು ಮಾತಾಡಿಸಿದಾಗ, ಹಬ್ಬದ ದಿನ, ಜ್ವರ ಬಂದು ಕನವರಿಸಿದ ದಿನ, ಪ್ರತಿ ಸಲವೂ ಕಿವಿಗೊಟ್ಟಳು. ಜ್ವರದಲ್ಲೂ ಅವನು ತೆಲುಗಿನಲ್ಲೇ ಕನವರಿಸಿದ. ಆ ದಿನದಿಂದ ಅವಳು ಕಾಯುವುದನ್ನು ಬಿಟ್ಟು, ಅಡುಗೆಮನೆಯಲ್ಲಿ ಅತ್ತೆಯ ಹತ್ತಿರ ತೆಲುಗು ಕಲಿಯತೊಡಗಿದಳು. ಪ್ರೇಮಾ ಕಲಿಸಿದರು. ಕಲಿಸುವಾಗ ಅವರು ಸೊಸೆಯ ಮುಖ ನೋಡುತ್ತಿರಲಿಲ್ಲ, ಒಲೆಯ ಕಡೆ ನೋಡುತ್ತಿದ್ದರು.

ಮರುವರ್ಷದ ಬೇಸಿಗೆಯಲ್ಲಿ ಒಂದು ದಿನ ಗಂಡ ಹೆಂಡತಿ ಜಗಳವಾಡಿದರು. ಸೂರಜ್ ಒಬ್ಬನೇ ಲೋಕಲ್ ರೈಲು ಹತ್ತಿ ಬೇಗಂಪೇಟೆಯಲ್ಲಿರುವ ಚನ್ನುವಿನ ಮನೆಗೆ ಹೋಗುತ್ತೇನೆಂದ. ಅವಳು ಬೇಡವೆಂದಳು. ಕಾಲು ಎಳೆಯುತ್ತೆ, ಗದ್ದಲವಿರುತ್ತೆ, ರೈಲು ಎಷ್ಟು ಹೊತ್ತು ನಿಲ್ಲುತ್ತೆ ಎಂದಳು. ನಾನೇನು ಚಿಕ್ಕ ಹುಡುಗನೇ ಎಂದು ಅವನು ಕೇಳಿದ. ಚಿಕ್ಕ ಹುಡುಗನಾದರೆ ಹೇಳಿದ ಮಾತು ಕೇಳುತ್ತಿದ್ದ ಎಂದು ಅವಳೆಂದಳು. ಎಲ್ಲವನ್ನೂ ನೀನೇ ಆರಿಸುತ್ತೀ, ನನ್ನ ಅಂಗಿಯಿಂದ ಹಿಡಿದು ಆಟದ ಟೈಲ್ಸ್‌ವರೆಗೆ, ಒಂದು ಸಲವಾದರೂ ನನ್ನ ಕೇಳಿದೆಯಾ ಎಂದು ಅವನು ಕೂಗಿದ. ಆ ಮಾತು ನಾಟಿತು. ನಾಟಿದ್ದಕ್ಕೇ ಅವಳೂ ಕೂಗಿದಳು. ಅವನು ಚಪ್ಪಲಿ ಮೆಟ್ಟಿ, ಬಾಗಿಲು ಜೋರಾಗಿ ಎಳೆದುಕೊಂಡು ಹೋದ.

ಭಾಗ್ಯಶ್ರೀ ಬಾಲ್ಕನಿಗೆ ಬಂದಳು. ಕೆಳಗೆ ಅವನು ಗೋಡೆಯ ನೆರಳು ಹಿಡಿದು, ಕಾಲೆಳೆಯುತ್ತ ಸ್ಟೇಷನ್ನಿನ ಕಡೆ ಹೋಗುವುದು ಕಾಣಿಸಿತು. ಬಾಯಲ್ಲಿ ಬಯ್ಗುಳ ಇನ್ನೂ ಉಳಿದಿತ್ತು. ಆಗ ಅವಳಿಗೆ ಹೊಳೆಯಿತು. ಅಷ್ಟೂ ಜಗಳ ತೆಲುಗಿನಲ್ಲಾಗಿತ್ತು. ಅವಳು ಒಂದು ಶಬ್ದಕ್ಕೂ ತಡವರಿಸಿರಲಿಲ್ಲ.

ಅವಳು ಅಲ್ಲೇ ಕೂತಳು. ಮತ್ತೆ ಗಂಡ ಹೆಂಡತಿಯಾಗಿದ್ದರು, ಜಗಳವಾಡುವಷ್ಟು. ಅದಕ್ಕೆ ಸಂತೋಷಪಡಬೇಕೆಂದು ಅವಳಿಗೆ ಗೊತ್ತಿತ್ತು, ಪಟ್ಟಳು ಕೂಡ. ಆದರೆ ಭಾಗವ್ವಾ ಎಂದು ಕರೆದು ಕಾಡುತ್ತಿದ್ದವನು ಇನ್ನು ಬರುವುದಿಲ್ಲ. ಅವನು ಸತ್ತಿದ್ದರೆ ಅಳಲು ಹದಿಮೂರು ದಿನವಾದರೂ ಸಿಗುತ್ತಿತ್ತು. ಊರವರು ಬಂದು ಜೊತೆಗೆ ಕೂರುತ್ತಿದ್ದರು. ಹೋದವನು ಕಣ್ಣೆದುರೇ ನಡೆದಾಡಿಕೊಂಡಿರುವಾಗ ಯಾರ ಹತ್ತಿರ ಹೇಳಿಕೊಂಡು ಅಳಬೇಕು? ಬಿಸಿಲು ಸರಿದು ಬಾಲ್ಕನಿಯ ಬಟ್ಟೆಗಳು ಒಣಗುವವರೆಗೆ ಅವಳು ಒಬ್ಬಳೇ ಅತ್ತಳು. ಪ್ರೇಮಾ ಒಳಗಿನಿಂದ ನೋಡಿದರು. ಬಂದು ಎಬ್ಬಿಸಲಿಲ್ಲ.

ಸೂರಜ್ ಹೊತ್ತು ಮುಳುಗುವ ಮೊದಲು ತಿರುಗಿ ಬಂದ. ಅಂಗಿ ಬೆವರಿನಿಂದ ತೊಯ್ದಿತ್ತು. ಮುಖ ದಣಿದಿತ್ತು. ಹೋಗಿ ಬಂದೆನಲ್ಲ ಎಂಬ ಬಿಗುಮಾನವೂ ಇತ್ತು. ಬಾಗಿಲಲ್ಲಿ ನಿಂತು ಅವಳ ಊದಿದ ಕಣ್ಣು ನೋಡಿದ. ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ.

"ತಿನ್ನಾವಾ?" ಎಂದು ಮೆಲ್ಲಗೆ ಕೇಳಿದ. ಊಟ ಮಾಡಿದೆಯಾ ಎಂದು.

ಇಲ್ಲವೆಂದು ತಲೆಯಾಡಿಸಿ, ಅವಳು ಇಬ್ಬರಿಗೂ ತಟ್ಟೆ ಹಾಕಲು ಎದ್ದಳು.